ರೈಲಿಗೂ ಮುಂಚೆ ಬಂದ ಸರಪಳಿ

ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನ ಸೇರಿದರೆ ಅದರಲ್ಲಿ ಒಬ್ಬರಾದರೂ ಕೇಳುವ ಮಾತು ಇದು: "ಇಷ್ಟು ದೊಡ್ಡ ಊರು, ಇಷ್ಟು ವ್ಯಾಪಾರ, ಒಂದು ರೈಲು ಯಾಕಿಲ್ಲ ಸ್ವಾಮಿ?"

ಪ್ರಶ್ನೆ ನ್ಯಾಯವಾದದ್ದೇ. ಮದ್ರಾಸಿನ ಕಡೆ ಹೋಗುವ ರೈಲು ಇದೇ ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ, ದೇವನಗೊಂದಿ ಹತ್ತಿರ, ಕೂಗಿಕೊಂಡು ಹೋಗುತ್ತೆ. ಪೇಟೆಯವರು ಮಾತ್ರ ಬಸ್ಸಿನ ಬಾಗಿಲಿಗೆ ಜೋತುಬೀಳಬೇಕು. ನೆಲಮಂಗಲದವರೂ 2017ರವರೆಗೆ ಇದೇ ರಾಗ ಹಾಡುತ್ತಿದ್ದರು. ದೊಡ್ಡಬಳ್ಳಾಪುರದವರಿಗಾದರೋ 1890ರ ದಶಕದಲ್ಲೇ ರೈಲು ಬಂತು. ದೇವನಹಳ್ಳಿಗೆ 1915ರಲ್ಲಿ ಪುಟ್ಟ ರೈಲು ಬಂತು. ಒಂದೇ ಜಿಲ್ಲೆ, ನಾಲ್ಕು ತಾಲ್ಲೂಕು, ನಾಲ್ಕು ಹಣೆಬರಹ!

ಈ ಹಣೆಬರಹ ಬರೆದವರು ಯಾರು? ಎಮ್ಮೆಲ್ಲೆ ಎನ್ನುವವರಿದ್ದಾರೆ, ಎಂಪಿ ಎನ್ನುವವರಿದ್ದಾರೆ, ಪೇಟೆ ಸಾಹುಕಾರರು ಅಡ್ಡಬಿದ್ದರು ಎನ್ನುವವರೂ ಇದ್ದಾರೆ. ಆದರೆ ಮದ್ರಾಸ್ ಲೈನಿನ ಗೆರೆ ಎಳೆಯುವಾಗ ಇವರ ಮುತ್ತಜ್ಜಂದಿರೂ ಹುಟ್ಟಿದ್ದರೋ ಇಲ್ಲವೋ. ಗೆರೆ ಎಳೆದವನು ಸರ್ವೆಯವನು. ಕೈಯಲ್ಲಿ ಸರಪಳಿ, ಮುಂದೆ ದುರ್ಬೀನು, ಹಿಂದೆ ಗೂಟ ಹೊತ್ತ ಕೂಲಿಯಾಳುಗಳು. ಅವನು ಗೂಟ ಹೊಡೆದ ಕಡೆ ಪೇಟೆ ಬೆಳೆಯಿತು. ಹೊಡೆಯದ ಕಡೆ ಬಸ್ ಸ್ಟ್ಯಾಂಡ್ ಬೆಳೆಯಿತು.

ಆ ಸರ್ವೆಯ ಕಥೆ ರೈಲಿನಿಂದ ಶುರುವಾಗುವುದಿಲ್ಲ. ರೈಲಿಗಿಂತ 60 ವರ್ಷ ಮುಂಚೆ ಬೆಂಗಳೂರಿನ ಬಯಲಿಗೆ ಸರಪಳಿ ಹಿಡಿದು ಬಂದ ಒಬ್ಬ ಸಿಪಾಯಿ ಸಾಹೇಬನಿಂದ ಶುರುವಾಗುತ್ತೆ. ಅವನ ಹೆಸರು ವಿಲಿಯಂ ಲ್ಯಾಂಬ್ಟನ್.

ನಕ್ಷತ್ರ ನೋಡಿ ದಾರಿ ಹೇಳಿದವ

ಲ್ಯಾಂಬ್ಟನ್ ರೈಲು ಕಂಡವನಲ್ಲ. ಅವನು ಸತ್ತದ್ದು 1823ರಲ್ಲಿ. ಇಂಗ್ಲೆಂಡಿನ ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ರೈಲು ಓಡಿದ್ದೇ 1825ರಲ್ಲಿ. ಹಾಗಿದ್ದರೂ ರೈಲಿನ ಮಾತು ಬಂದಾಗ ಇವನ ಹೆಸರು ಎತ್ತಲೇಬೇಕು. ಯಾಕೆ ಅಂತ ಮುಂದೆ ನೋಡೋಣ.

ಯಾರ್ಕ್‌ಶೈರಿನ ಬಡ ಮನೆತನದ ಹುಡುಗ. ಲೆಕ್ಕದಲ್ಲಿ ಚುರುಕು. ಸೈನ್ಯ ಸೇರಿ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯಕ್ಕೆ ಹೋದ. ಕಾಡು ಕಡಿದು ಹೊಸ ಊರು ಕಟ್ಟುತ್ತಿದ್ದ ಕಾಲ ಅದು. ಅಲ್ಲಿ ಜಮೀನು ಅಳೆದ, ಸೈನಿಕರ ವಸತಿ ನೋಡಿಕೊಂಡ, ಹತ್ತಾರು ವರ್ಷ ಅಲ್ಲೇ ಕಳೆದ. ಸೂರ್ಯಗ್ರಹಣ ನೋಡಲು ಹೋಗಿ ಒಂದು ಕಣ್ಣು ಕೆಡಿಸಿಕೊಂಡ. ಉಳಿದ ಒಂದೇ ಕಣ್ಣಿನಲ್ಲಿ ಆಮೇಲೆ ಅರ್ಧ ಹಿಂದೂಸ್ತಾನ ಅಳೆದ ಅಂದರೆ ನಂಬಬೇಕು.

1799ರಲ್ಲಿ ಅವನು ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ, 33ನೇ ರೆಜಿಮೆಂಟಿನ ಆಫೀಸರಾಗಿ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನ ಮೇಲೆ ಇಂಗ್ಲಿಷರ ಕೊನೆಯ ಯುದ್ಧ ಅದು. ಏಪ್ರಿಲ್ ತಿಂಗಳ ಒಂದು ಕತ್ತಲ ರಾತ್ರಿ ಜನರಲ್ ಬೇರ್ಡ್ ಎಂಬ ಸೇನಾಪತಿ ಸುಲ್ತಾನ್‌ಪೇಟೆ ತೋಪಿನ ಮೇಲೆ ದಾಳಿಗೆ ಹೋದ. ಕೆಲಸ ಮುಗಿಸಿ ಡೇರೆಗೆ ವಾಪಸ್ ಹೊರಟಾಗ ಲ್ಯಾಂಬ್ಟನ್ ಆಕಾಶ ನೋಡಿ, "ಸ್ವಾಮಿ, ದಾರಿ ತಪ್ಪಿದೆ. ನಕ್ಷತ್ರದ ಪ್ರಕಾರ ನಾವು ಟಿಪ್ಪುವಿನ ಸೈನ್ಯದ ಕಡೆಗೇ ಹೋಗ್ತಾ ಇದೀವಿ" ಎಂಬರ್ಥದಲ್ಲಿ ಎಚ್ಚರಿಸಿದನಂತೆ. ನಕ್ಷತ್ರ ನೋಡಿಕೊಂಡು ಸೈನ್ಯ ನಡೆಸುವ ಗತಿ ನನಗೆ ಬಂದಿಲ್ಲ ಅಂತ ಸೇನಾಪತಿ ಗದರಿದನಂತೆ. ಕೊನೆಗೆ ಮಿಣುಕುಹುಳದ ಬೆಳಕಿನಲ್ಲಿ ದಿಕ್ಸೂಚಿ ನೋಡಿದರೆ, ಲ್ಯಾಂಬ್ಟನ್ ಹೇಳಿದ್ದೇ ಸರಿ! ಸೈನ್ಯ ಹಿಂದಕ್ಕೆ ತಿರುಗಿತು. ಈ ಪ್ರಸಂಗವನ್ನು ಬರೆದಿಟ್ಟವನು ಮುಂದೆ ಅವನ ಕೈಕೆಳಗೆ ಕೆಲಸ ಮಾಡಿದ ಜಾರ್ಜ್ ಎವರೆಸ್ಟ್. ಹಿಮಾಲಯದ ಶಿಖರಕ್ಕೆ ಹೆಸರು ಕೊಟ್ಟನಲ್ಲ, ಅವನೇ.

ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಉಳಿದ ಆಫೀಸರುಗಳು ಲೂಟಿಯ ಪಾಲು ಎಣಿಸುತ್ತಿದ್ದಾಗ ಲ್ಯಾಂಬ್ಟನ್ ಬೇರೆಯೇ ಒಂದು ಯೋಜನೆ ಬರೆದುಕೊಟ್ಟ. ಈ ಕಡಲಿನಿಂದ ಆ ಕಡಲಿನವರೆಗೆ, ಪರ್ಯಾಯದ್ವೀಪದ ಅಡ್ಡಕ್ಕೆ, ಒಂದು ಇಂಚೂ ತಪ್ಪದ ಹಾಗೆ ನೆಲ ಅಳೆಯಬೇಕು ಅಂತ. ಅವನ ರೆಜಿಮೆಂಟಿನ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಶಿಫಾರಸು ಮಾಡಿದ. ಮದ್ರಾಸ್ ಸರ್ಕಾರ ಒಪ್ಪಿಗೆ ಕೊಟ್ಟಿತು.

ಏಳೂವರೆ ಮೈಲಿ, 400 ಸರಪಳಿ

ಕೆಲಸ ಶುರುವಾಗಿದ್ದು ಎಲ್ಲಿ? ಮದ್ರಾಸಿನಲ್ಲಲ್ಲ, ಕಲ್ಕತ್ತೆಯಲ್ಲಲ್ಲ. ನಮ್ಮ ಬೆಂಗಳೂರಿನ ಪೂರ್ವದ ಬಯಲಿನಲ್ಲಿ, 1800ನೇ ಇಸವಿ ಅಕ್ಟೋಬರ್ ಮಧ್ಯದಲ್ಲಿ. ಆಗಿನ್ನೂ ದಂಡಿನ ಪ್ರದೇಶ ಇರಲಿಲ್ಲ. ಬೆಂಗಳೂರು ಕಂಟೋನ್ಮೆಂಟ್ ಶುರುವಾದದ್ದು 1809ರಲ್ಲಿ. ಬೆಂಗಳೂರು ಎಂದರೆ ಕೋಟೆ, ಪೇಟೆ, ಸುತ್ತ ಕೆರೆ, ಹೊಲ, ತೋಪು, ಅಷ್ಟೇ. ಆ ಹೊಲಗಳ ನಡುವೆ ಲ್ಯಾಂಬ್ಟನ್ ಡೇರೆ ಹೊಡೆದ.

ಅವನ ಹತ್ತಿರ ಇದ್ದದ್ದು 100 ಅಡಿಯ ಉಕ್ಕಿನ ಸರಪಳಿ. ತಲಾ ಎರಡೂವರೆ ಅಡಿಯ 40 ಕಡ್ಡಿಗಳನ್ನು ಜೋಡಿಸಿದ್ದು. ಈ ಸರಪಳಿಗೂ ಒಂದು ಕಥೆ ಇದೆ. ಅದನ್ನು ಲಂಡನ್ನಿನಿಂದ ಚೀನಾದ ಚಕ್ರವರ್ತಿಗೆ ಕಾಣಿಕೆ ಅಂತ 1793ರಲ್ಲಿ ಒಯ್ದಿದ್ದರು. ಚಕ್ರವರ್ತಿ ಬೇಡ ಎಂದ. ಅಲ್ಲಿ ಬೇಡವಾದ ಸಾಮಾನು ಕಲ್ಕತ್ತೆಗೆ ಬಂದು, ಅಲ್ಲಿಂದ ಬೆಂಗಳೂರಿಗೆ ಬಂತು.

ಅಳತೆ ಮಾಡಿದ ರೀತಿ ನೋಡಿ. ಸರಪಳಿಯನ್ನು ನೆಲದ ಮೇಲೆ ಎಳೆದುಕೊಂಡು ಹೋಗುವ ಹಾಗಿಲ್ಲ. ಗೂಟಗಳ ಮೇಲೆ ಮರದ ಪೆಟ್ಟಿಗೆಗಳನ್ನು ಸಮಮಟ್ಟದಲ್ಲಿ ಇಡಬೇಕು, ಅದರೊಳಗೆ ಸರಪಳಿ ಮಲಗಿಸಬೇಕು, ಬಿಸಿಲು ಬೀಳದ ಹಾಗೆ ನೆರಳು ಮಾಡಬೇಕು, ಜ್ವರ ನೋಡುವ ಹಾಗೆ ಪಕ್ಕದಲ್ಲಿ ಉಷ್ಣಮಾಪಕ ಇಟ್ಟು ನೋಡಬೇಕು. ಯಾಕೆಂದರೆ ಬಿಸಿಲಿಗೆ ಉಕ್ಕು ಹಿಗ್ಗುತ್ತೆ, ತಂಪಿಗೆ ಕುಗ್ಗುತ್ತೆ. ಹಳೇ ರೈಲು ಕಂಬಿಗಳ ಸಂದಿನಲ್ಲಿ ಬೆರಳಗಲ ಜಾಗ ಬಿಡುತ್ತಿದ್ದದ್ದೂ ಇದೇ ಕಾರಣಕ್ಕೆ.

ಹೀಗೆ ಒಂದಾದ ಮೇಲೆ ಒಂದರಂತೆ ಸುಮಾರು 400 ಸಲ ಸರಪಳಿ ಹಾಸಿ, ಡಿಸೆಂಬರ್ 10ಕ್ಕೆ ಮುಗಿಸಿದ. ಅಳೆದದ್ದು ಬರೀ ಏಳೂವರೆ ಮೈಲಿ. ಹಿಡಿದದ್ದು ಎರಡು ತಿಂಗಳು! ಈಗ ಅಷ್ಟು ದೂರಕ್ಕೆ ನಾವು ಬಸ್ಸಿನಲ್ಲಿ ಎರಡು ಗಂಟೆ ಕೂರುತ್ತೀವಿ. ಅದು ಬೇರೆ ಮಾತು.

ಏಳೂವರೆ ಮೈಲಿ ಅಳೆದರೆ ದೇಶ ಅಳೆದ ಹಾಗಾಯಿತೇ ಎಂದು ಕೇಳಬಹುದು. ಬಟ್ಟೆ ಅಂಗಡಿಯವರಿಗೆ ಇದು ಬೇಗ ಅರ್ಥವಾಗುತ್ತೆ. ಗಜಕಡ್ಡಿ ಸರಿಯಾಗಿದ್ದರೆ ಥಾನಿನ ಲೆಕ್ಕ ಸರಿ. ಕಡ್ಡಿಯಲ್ಲಿ ಒಂದು ಬೆರಳು ತಪ್ಪಿದರೆ ಥಾನು ಮುಗಿಯುವಷ್ಟರಲ್ಲಿ ಗಜಗಟ್ಟಲೆ ತಪ್ಪು. ಈ ಏಳೂವರೆ ಮೈಲಿಯೇ ಲ್ಯಾಂಬ್ಟನ್ನನ ಗಜಕಡ್ಡಿ. ಅದರ ಎರಡು ತುದಿಯಲ್ಲಿ ನಿಂತು ದೂರದ ಒಂದು ಬೆಟ್ಟ ನೋಡಿ ಕೋನ ಅಳೆದರೆ ಒಂದು ತ್ರಿಕೋನ ಆಯಿತು. ತ್ರಿಕೋನದ ಒಂದು ಬದಿ, ಎರಡು ಕೋನ ಗೊತ್ತಿದ್ದರೆ ಉಳಿದ ಎರಡು ಬದಿ ಲೆಕ್ಕದಲ್ಲೇ ಸಿಗುತ್ತೆ. ಕಾಡು, ಕೆರೆ, ಕಣಿವೆ ಹಾಯ್ದು ಸರಪಳಿ ಎಳೆಯಬೇಕಿಲ್ಲ. ಆ ಬದಿಯ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಸಾವನದುರ್ಗದಂಥ ಬೆಟ್ಟಗಳ ನೆತ್ತಿಯಿಂದ ನೆತ್ತಿಗೆ ಜಿಗಿಯುತ್ತಾ ಲೆಕ್ಕ ಮುಂದುವರಿಯಿತು.

1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು ಮೂಲರೇಖೆ ಅಳೆದು ಅಲ್ಲಿಂದ ತ್ರಿಕೋನಗಳನ್ನು ನಮ್ಮ ಕಡೆಗೆ ತಂದರು. ಲೆಕ್ಕ ಸರಿ ಬಂತೇ ಎಂದು ನೋಡಲು 1804ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಸರಪಳಿ ಹಾಸಿದ್ದು ಲೆಫ್ಟಿನೆಂಟ್ ಜಾನ್ ವಾರನ್. ಕೋಲಾರದ ಮಾರಿಕುಪ್ಪದ ಕಡೆ ಚಿನ್ನ ಇದೆ ಅಂತ ಕಂಪನಿಗೆ ಬರೆದು ತಿಳಿಸಿದನಲ್ಲ, ಅದೇ ವಾರನ್. ಮದ್ರಾಸಿನಿಂದ ಬೆಟ್ಟ ಹಾರಿ ಬಂದ ಲೆಕ್ಕಕ್ಕೂ, ಬೆಂಗಳೂರಿನ ನೆಲದ ಮೇಲೆ ಅಳೆದ ಲೆಕ್ಕಕ್ಕೂ ಬಂದ ವ್ಯತ್ಯಾಸ ಎಷ್ಟು ಗೊತ್ತೇ? 3.7 ಇಂಚು! ಒಂದು ಗೇಣೂ ಇಲ್ಲ.

ಪಲ್ಲಕ್ಕಿ ಬೋಯಿಗಳಿಗೆ ಹೇಳಿದರೆ ಸಾಲದೇ?

ಇಷ್ಟೆಲ್ಲ ದುಡ್ಡು ಯಾಕೆ ಸುರಿಯಬೇಕು ಎಂದು ಕೇಳಿದವರು ಆಗಲೂ ಇದ್ದರು. ಮದ್ರಾಸ್ ಸರ್ಕಾರದ ಹಣಕಾಸು ಸಮಿತಿಯ ಒಬ್ಬ ಸದಸ್ಯರು, ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರ ಮುಖ್ಯಸ್ಥನಿಗೆ ಹೇಳಿದರೆ ಸಾಕು, ಲ್ಯಾಂಬ್ಟನ್ ನಕ್ಷೆ ಯಾಕೆ ಬೇಕು ಎಂಬ ಅರ್ಥದ ಮಾತಾಡಿದರಂತೆ. ಈಗಿನ ಭಾಷೆಯಲ್ಲಿ ಹೇಳಬೇಕೆಂದರೆ, "ಕಂಡಕ್ಟರನ್ನ ಕೇಳಿದ್ರೆ ಊರು ಬಂದಾಗ ಇಳಿಸ್ತಾನೆ, ಸರ್ವೆ ಯಾಕ್ರೀ?"

ಲ್ಯಾಂಬ್ಟನ್ ಕೆಲಸ ಬಿಡಲಿಲ್ಲ. ಅರ್ಧ ಟನ್ ತೂಕದ ಅವನ ದೊಡ್ಡ ಥಿಯೋಡೊಲೈಟ್, ಅಂದರೆ ಕೋನ ಅಳೆಯುವ ದುರ್ಬೀನು, ಇಂಗ್ಲೆಂಡಿನಿಂದ ಬರುವಾಗ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್‌ಗೆ ಹೋಯಿತು. ಫ್ರೆಂಚರು ಅದನ್ನು ಮರ್ಯಾದೆಯಿಂದ ವಾಪಸ್ ಕಳಿಸಿದರು. 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ಹರಿದು ಗೋಡೆಗೆ ಬಡಿದು ಕೆಟ್ಟಿತು. ಡೇರೆಯೊಳಗೆ ಕುಳಿತು ಆರು ವಾರ ರಿಪೇರಿ ಮಾಡಿ ಮತ್ತೆ ಎತ್ತಿದ. ಪಶ್ಚಿಮ ಕರಾವಳಿಯಿಂದ ಮದ್ರಾಸಿನವರೆಗಿನ ನೆಲದ ಅಗಲ 400 ಮೈಲಿ ಎಂದು ಹಳೇ ನಕ್ಷೆಗಳಲ್ಲಿದ್ದದ್ದು ತಪ್ಪು, ನಿಜವಾಗಿ 360 ಮೈಲಿ ಎಂದು ತೋರಿಸಿಕೊಟ್ಟ. ಒಂದೇ ಏಟಿಗೆ 40 ಮೈಲಿ ನೆಲ ನಕ್ಷೆಯಿಂದ ಮಾಯ! 1823ರ ಜನವರಿಯಲ್ಲಿ, ಎಪ್ಪತ್ತರ ಹತ್ತಿರದ ಮುದುಕ, ಇನ್ನೂ ಅಳೆಯುತ್ತಲೇ ಈಗಿನ ಮಹಾರಾಷ್ಟ್ರದ ಹಿಂಗಣಘಾಟಿನಲ್ಲಿ ತೀರಿಕೊಂಡ. ಸಮಾಧಿ ಅಲ್ಲೇ ಇದೆ.

ಅವನಿಗೆ ದಾರಿ ಮಾಡಿದವರು, ಪೆಟ್ಟಿಗೆ ಹೊತ್ತವರು, ಬೆಟ್ಟದ ತುದಿಯಲ್ಲಿ ಬಾವುಟ ಹಿಡಿದು ಬಿಸಿಲಲ್ಲಿ ನಿಂತವರು ಈ ಸೀಮೆಯ ಆಳುಗಳೇ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವನ ಹೆಸರಿನ ಜೊತೆ ಅವರನ್ನೂ ನೆನೆಯುವುದು ನ್ಯಾಯ.

13ನೇ ರೇಖೆಯ ಮೇಲೆ ರೈಲು

ಈಗ ರೈಲಿಗೆ ಬರೋಣ. ಎತ್ತರ ತಗ್ಗು, ದೂರ ಹತ್ತಿರ ಗೊತ್ತಿಲ್ಲದೆ ರೈಲು ಹಾಕುವ ಹಾಗಿಲ್ಲ. ಲ್ಯಾಂಬ್ಟನ್ ಮತ್ತು ಅವನ ಹಿಂದೆ ಬಂದವರು ನಿಲ್ಲಿಸಿದ ಬಿಂದುಗಳ ಮೇಲೆ ದೇಶದ ನಕ್ಷೆಗಳು ಎದ್ದವು. ಆ ನಕ್ಷೆ ಮುಂದಿಟ್ಟುಕೊಂಡು ಕಂಪನಿ ಎಂಜಿನಿಯರುಗಳು ಗೆರೆ ಎಳೆದರು.

ಮದ್ರಾಸ್ ರೈಲ್ವೆ ಕಂಪನಿ ರಾಯಪುರಂನಿಂದ ಆರ್ಕಾಟ್ ಕಡೆಗೆ ಮೊದಲ ರೈಲು ಬಿಟ್ಟಿದ್ದು 1856ರ ಜುಲೈ 1ರಂದು. ಅದರ ಶಾಖೆ ಜೋಲಾರಪೇಟೆಯಿಂದ ಮೇಲೇರಿ ಬೆಂಗಳೂರು ಕಂಟೋನ್ಮೆಂಟ್ ತಲುಪಿದ್ದು 1864ರ ಆಗಸ್ಟ್ 1ರಂದು, ಲೂಯಿನ್ ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದಾಗ. ಬೌರಿಂಗ್‌ಪೇಟೆ ಎಂದರೆ ನಮ್ಮ ಬಂಗಾರಪೇಟೆಯೇ.

ರೈಲು ಎಲ್ಲಿಗೆ ಬಂತು ಗಮನಿಸಿ: ಪೇಟೆಗಲ್ಲ, ಕಂಟೋನ್ಮೆಂಟಿಗೆ. ಸಾಹೇಬರಿಗೆ ಬೇಕಾಗಿದ್ದದ್ದು ಸೈನ್ಯ ಸಾಗಿಸುವ ದಾರಿ. ಅಕ್ಕಿಪೇಟೆ, ಚಿಕ್ಕಪೇಟೆಯ ವ್ಯಾಪಾರಿಗಳು ಮೂಟೆಗಳನ್ನು ಗಾಡಿಯ ಮೇಲೆ ಹೇರಿಕೊಂಡು ಅಲ್ಲಿಗೇ ಹೋಗಬೇಕಾಗಿತ್ತು. ಕಂಪನಿಗೂ ಹೆಚ್ಚಿನ ಚಿಂತೆ ಇರಲಿಲ್ಲ. ಹಾಕಿದ ಬಂಡವಾಳಕ್ಕೆ ಶೇಕಡಾ 5 ಬಡ್ಡಿಗೆ ಸರ್ಕಾರವೇ ಜಾಮೀನು, ಜಮೀನು ಪುಕ್ಕಟೆ. ರೈಲು ಲಾಭ ಮಾಡಲಿ ಬಿಡಲಿ, ಲಂಡನ್ನಿನ ಷೇರುದಾರನಿಗೆ ಬಡ್ಡಿ ತಪ್ಪುತ್ತಿರಲಿಲ್ಲ.

ಹೊಸಕೋಟೆಯವರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಕ್ಷೆ ತೆಗೆದು ನೋಡಿ. ಬಂಗಾರಪೇಟೆ, ಮಾಲೂರು, ವೈಟ್‌ಫೀಲ್ಡ್, ಕಂಟೋನ್ಮೆಂಟ್ ಈ ನಾಲ್ಕೂ ಸ್ಟೇಷನ್ನುಗಳು ಹೆಚ್ಚುಕಮ್ಮಿ 13ನೇ ಅಕ್ಷಾಂಶ ರೇಖೆಯ ಮೇಲೇ ಕೂತಿವೆ, ದಾರಕ್ಕೆ ಪೋಣಿಸಿದ ಹಾಗೆ. ಪೂರ್ವದಿಂದ ಬಂದ ರೈಲು ಆ ನೇರದಲ್ಲೇ ಕಂಟೋನ್ಮೆಂಟ್ ಸೇರಿತು. ಹೊಸಕೋಟೆ ಆ ದಾರದಿಂದ ಏಳೆಂಟು ಕಿಲೋಮೀಟರ್ ಉತ್ತರಕ್ಕಿದೆ. ಅಲ್ಲಿಗೆ ಹೋಗಬೇಕಾದರೆ ಲೈನು ಬಿಲ್ಲಿನ ಹಾಗೆ ಬಾಗಬೇಕು, ದಕ್ಷಿಣ ಪಿನಾಕಿನಿಯ ಬಯಲು, ಹೊಸಕೋಟೆಯ ದೊಡ್ಡ ಕೆರೆ ಸುತ್ತಬೇಕು. ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಏರಬೇಕಾದ ಎತ್ತರ 1,500 ಅಡಿಗೂ ಹೆಚ್ಚು. ಹೊಗೆಬಂಡಿಯ ಕಾಲದಲ್ಲಿ ಒಂದೊಂದು ಮೈಲಿ ಸುತ್ತಿಗೂ ಇದ್ದಿಲು, ನೀರು, ದುಡ್ಡು. ಕೋಲಾರ ಪಟ್ಟಣದ ಕಥೆಯೂ ಇದೇ. ಅದೂ ಆ ದಾರದ ಉತ್ತರಕ್ಕೆ ಉಳಿಯಿತು. ಕೋಲಾರಕ್ಕೆ ಬೌರಿಂಗ್‌ಪೇಟೆಯಿಂದ ಪುಟ್ಟ ರೈಲು ಬರಲು 1913 ಆಗಬೇಕಾಯಿತು.

ಹೊಸಕೋಟೆಗೆ ಅದೂ ಇಲ್ಲ. ವೈಟ್‌ಫೀಲ್ಡ್–ಕೋಲಾರ ಲೈನಿನ ಮಾತು ಎಷ್ಟೋ ಸಲ ಎದ್ದಿದೆ, ಅಷ್ಟೇ ಸಲ ಮಲಗಿದೆ.

ದೊಡ್ಡಬಳ್ಳಾಪುರದ ಅದೃಷ್ಟ

1876–78ರ ದೊಡ್ಡ ಬರದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು. ಬದುಕುಳಿದವರ ಕೈಗೆ ಕೂಲಿ ಕೊಡಬೇಕಲ್ಲ? ಬೆಂಗಳೂರು–ಮೈಸೂರು ರೈಲಿನ ಮಣ್ಣು ಕೆಲಸ ಬರಗಾಲದ ಕಾಮಗಾರಿಯಾಗಿ ಸಾಗಿತು. ಸುಮಾರು 86 ಮೈಲಿಯ ಆ ಮೀಟರ್ ಗೇಜ್ ಲೈನು 1882ರಲ್ಲಿ ಮುಗಿಯಿತು. 1884ರಲ್ಲಿ ತುಮಕೂರಿಗೆ ರೈಲು ಹೋಯಿತು. 1886ರಲ್ಲಿ ಈ ಲೈನುಗಳನ್ನು ಮೈಸೂರು ಸರ್ಕಾರ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಒಪ್ಪಿಸಿತು. 1890ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ಯಲಹಂಕ, ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರಕ್ಕೆ ಲೈನು ಹಾಕಿದರು.

ದೊಡ್ಡಬಳ್ಳಾಪುರಕ್ಕೆ ರೈಲು ತಂದುಕೊಟ್ಟದ್ದು ನೆಲದ ಇಳಿಜಾರು. ನಂದಿಬೆಟ್ಟದ ಸಾಲಿನಿಂದ ನೀರು ಎಲ್ಲ ದಿಕ್ಕಿಗೂ ಹರಿಯುತ್ತೆ. ಅರ್ಕಾವತಿ ದೊಡ್ಡಬಳ್ಳಾಪುರದ ಮೇಲೆ ಹಾಯ್ದು ಹೆಸರಘಟ್ಟದ ಕಡೆ ಇಳಿದು ಕೊನೆಗೆ ಕಾವೇರಿ ಸೇರುತ್ತೆ. ಆಚೆ ಗೌರಿಬಿದನೂರಿನ ಕಡೆಯದು ಉತ್ತರ ಪಿನಾಕಿನಿಯ ಸೀಮೆ. ಬೆಂಗಳೂರಿನಿಂದ ಉತ್ತರಕ್ಕೆ ಹೋಗುವ ರೈಲು ಈ ಎರಡು ನೀರಿನ ನಡುವಿನ ಬೆಟ್ಟಸಾಲನ್ನು ಎಲ್ಲಾದರೂ ದಾಟಲೇಬೇಕು. ನಂದಿಬೆಟ್ಟದ ನೆತ್ತಿ ಏರುವ ಹಾಗಿಲ್ಲ. ಮಾಕಳಿದುರ್ಗದ ಬಳಿ ಬೆಟ್ಟಗಳು ಸಂದು ಬಿಟ್ಟಿವೆ. ರೈಲು ಅಲ್ಲಿ ನುಸುಳಿತು. ಆ ಸಂದಿಗೆ ಹೋಗುವ ದಾರಿಯಲ್ಲೇ ದೊಡ್ಡಬಳ್ಳಾಪುರ ಇದೆ. ಭಾನುವಾರ ಮಾಕಳಿದುರ್ಗ ಹತ್ತಲು ಹೋಗುವ ಹುಡುಗರು ಹಳಿ ಬೆಟ್ಟದ ಬುಡದಲ್ಲಿ ಹೇಗೆ ಹೊರಳಿದೆ ಎಂದು ಒಮ್ಮೆ ಮೇಲಿನಿಂದ ನೋಡಲಿ. ಸರ್ವೆಯವನ ಬುದ್ಧಿ ಏನೆಂದು ಪಾಠವಿಲ್ಲದೆ ತಿಳಿಯುತ್ತೆ.

ಮಗ್ಗದ ಊರಿಗೆ ನೂಲು ಬರಲು, ಸೀರೆ ಹೋಗಲು ಒಂದು ದಾರಿಯಾಯಿತು. 1980ರ ದಶಕದಲ್ಲಿ ಈ ಲೈನು ಬ್ರಾಡ್ ಗೇಜ್ ಆದ ಮೇಲೆ ಉತ್ತರದ ದೊಡ್ಡ ರೈಲುಗಳೂ ಇದೇ ಹಾದಿ ಹಿಡಿದವು.

ದೇವನಹಳ್ಳಿಯ ಪುಟ್ಟ ರೈಲು

ದೇವನಹಳ್ಳಿ ರೈಲಿನ ಹಿಂದೆ ಇರುವ ಹೆಸರು ಯಾರಿಗೂ ಹೊಸದಲ್ಲ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಎಂ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದಾಗ ರೈಲ್ವೆ ಕಾರ್ಯದರ್ಶಿಯ ಹೊಣೆಯೂ ಅವರದೇ. 1912ರಲ್ಲಿ ದಿವಾನರಾದರು. ಕಂಪನಿಗಳು ಹಾಕಿದ್ದಷ್ಟೇ ರೈಲು ಎಂದು ಕೂತರೆ ಒಳನಾಡಿನ ಪೇಟೆಗಳು ಯಾವತ್ತೂ ಉದ್ಧಾರವಾಗುವುದಿಲ್ಲ, ಸೀಮೆಯ ಜನರ ದುಡ್ಡಿನಲ್ಲೇ ಹಗುರ ರೈಲು ಹಾಕೋಣ ಎಂಬುದು ಆ ಕಾಲದ ಲೆಕ್ಕಾಚಾರ. ಕೋಲಾರದ ಲೈನಿಗೆ ಜಿಲ್ಲಾ ಬೋರ್ಡು ಮುಂದೆ ಬಂತು. ಚಿಕ್ಕಬಳ್ಳಾಪುರದ ಲೈನಿಗೆ ಒಂದು ಕಂಪನಿಯೇ ಕಟ್ಟಲಾಯಿತು: ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ.

1915ರಲ್ಲಿ ಓಡಾಟ ಶುರು. ಯಶವಂತಪುರ, ಯಲಹಂಕ, ದೊಡ್ಡಜಾಲ, ದೇವನಹಳ್ಳಿ, ಆವತಿ, ನಂದಿ, ಚಿಕ್ಕಬಳ್ಳಾಪುರ. ಹಳಿಗಳ ನಡುವೆ ಅಗಲ ಬರೀ ಎರಡೂವರೆ ಅಡಿ. ಅಗಲ ಕಮ್ಮಿಯಾದರೆ ಮಣ್ಣು ಕೆಲಸ ಕಮ್ಮಿ, ಸೇತುವೆ ಸಣ್ಣದು, ತಿರುವು ಬಿಗಿ ಇದ್ದರೂ ನಡೆಯುತ್ತೆ. ಖರ್ಚು ಕಮ್ಮಿಯಾದದ್ದರಿಂದ ಸಣ್ಣ ಊರಿಗೂ ರೈಲು ಎಟುಕಿತು. ಆದರೆ ಒಂದು ತಾಪತ್ರಯ. ಪುಟ್ಟ ರೈಲಿನ ಮೂಟೆ ದೊಡ್ಡ ರೈಲಿಗೆ ಹೋಗಬೇಕಾದರೆ ಒಂದೊಂದನ್ನೂ ಇಳಿಸಿ ಮತ್ತೆ ಹೇರಬೇಕು. ಇಳಿಸುವ ಕೂಲಿ, ಹೇರುವ ಕೂಲಿ, ನಡುವೆ ಹರಿದ ಗೋಣಿಯ ನಷ್ಟ. ಲಾರಿ ಬಂದ ಮೇಲೆ ಅಂಗಡಿ ಬಾಗಿಲಿಗೇ ಸರಕು ಬರತೊಡಗಿತು. ವ್ಯಾಪಾರಿ ಎತ್ತ ವಾಲುತ್ತಾನೆ ಎಂದು ಹೇಳಬೇಕೇ?

ಆ ಲೈನು ಈಗ ಬ್ರಾಡ್ ಗೇಜ್. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗೂ ಬ್ರಾಡ್ ಗೇಜ್ ಮುಂದುವರಿದದ್ದು 2013ರಲ್ಲಿ. ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆಯಿತು. ಅದರ ಬೇಲಿ ಪಕ್ಕದಲ್ಲೇ ಹಳಿ ಇದ್ದರೂ ಒಂದು ಹಾಲ್ಟ್ ಸ್ಟೇಷನ್ ಆಗಲು 2021ರ ಜನವರಿ ಬೇಕಾಯಿತು. ವಿಮಾನಕ್ಕಿಂತ ರೈಲು ನಿಧಾನ ಅಂತ ಗೊತ್ತು. ಇಷ್ಟು ನಿಧಾನ ಅಂತ ಗೊತ್ತಿರಲಿಲ್ಲ.

ಇನ್ನು ನೆಲಮಂಗಲ. 1884ರ ತುಮಕೂರು ಲೈನು ತಾಲ್ಲೂಕಿನೊಳಗೇ ಹಾದುಹೋಯಿತು; ಗೊಲ್ಲಹಳ್ಳಿ, ದೊಡ್ಡಬೆಲೆ, ನಿಡವಂದ ಸ್ಟೇಷನ್ನುಗಳಾದವು. ಪೇಟೆ ಮಾತ್ರ ಪಕ್ಕಕ್ಕೆ ಉಳಿಯಿತು. ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೋಗುವ ಹೊಸ ಲೈನು 2017ರ ಮಾರ್ಚ್ 26ರಂದು ಉದ್ಘಾಟನೆಯಾದಾಗಲೇ ನೆಲಮಂಗಲ ಊರಿಗೆ ರೈಲು. ತಾಲ್ಲೂಕಿಗೆ ರೈಲು ಬಂದ ಮೇಲೆ ಪೇಟೆಗೆ ಬರಲು ಹಿಡಿದದ್ದು 133 ವರ್ಷ!

ಗೂಟದ ಬೆಲೆ

ಈ ಹಳೇ ಪುರಾಣ ಈಗ ಯಾಕೆ ಅಂತೀರಾ? ಈಗಲೂ ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಸರ್ವೆ ಸುದ್ದಿಯೇ ಸುದ್ದಿ. ಬೆಂಗಳೂರಿನ ಉಪನಗರ ರೈಲಿಗೆ ಕೇಂದ್ರ ಸರ್ಕಾರ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಒಟ್ಟು 148 ಕಿಲೋಮೀಟರ್, ಅದರಲ್ಲಿ ಒಂದು ಲೈನು ದೇವನಹಳ್ಳಿಗೆ. 2024ರಲ್ಲಿ ಬೆಂಗಳೂರಿನ ಸುತ್ತ 287 ಕಿಲೋಮೀಟರಿನ ವರ್ತುಲ ರೈಲಿನ ಮಾತು ಬಂತು. ನಿಡವಂದ, ದೊಡ್ಡಬಳ್ಳಾಪುರ, ದೇವನಹಳ್ಳಿ, ಮಾಲೂರು ಹೀಗೆ ಬಳಸಿಕೊಂಡು ಬರುವ ಗೆರೆ. ಕಾಗದದ ಮೇಲಿನ ಗೆರೆ ಯಾರ ಹೊಲದ ಮೇಲೆ ಬೀಳುತ್ತೆ? ಯಾವ ಪೇಟೆ ಒಳಗೆ, ಯಾವ ಪೇಟೆ ಹೊರಗೆ? ಲ್ಯಾಂಬ್ಟನ್ ಕಾಲದ ಪ್ರಶ್ನೆಯೇ, ಈಗಿನ ಎಕರೆ ಬೆಲೆಯಲ್ಲಿ.

ಸರ್ವೆಯಲ್ಲಿ ಮೂರು ಹಂತ ಇದೆ ಎಂಬುದು ಎಲ್ಲರಿಗೂ ಗೊತ್ತಿರಬೇಕು. ಮೊದಲನೆಯದು ಮೇಲ್ನೋಟದ ಸರ್ವೆ: ಹೀಗೆ ಹೋಗಬಹುದೇ, ಹಾಗೆ ಹೋಗಬಹುದೇ ಎಂದು ನೋಡುವುದು. ಎರಡನೆಯದು ಪ್ರಾಥಮಿಕ ಸರ್ವೆ: ಒಂದೆರಡು ದಾರಿ ಆರಿಸಿ ಅಳೆದು ಖರ್ಚು ಅಂದಾಜು ಮಾಡುವುದು. ಮೂರನೆಯದು ಅಂತಿಮ ಸ್ಥಳ ನಿರ್ಧಾರದ ಸರ್ವೆ: ಹಳಿಯ ನಡುಗೆರೆ ಎಲ್ಲಿ, ಸ್ಟೇಷನ್ ಎಲ್ಲಿ, ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ಎಂದು ಗೊತ್ತುಮಾಡುವುದು. ಪೇಟೆಯವರು ಅರ್ಜಿ ಹಿಡಿದು ಹೋಗಬೇಕಾದದ್ದು ಮೊದಲ ಎರಡು ಹಂತದಲ್ಲಿ. ನಮ್ಮವರು ಹೋಗುವುದು ಮೂರನೆಯದೂ ಮುಗಿದು ಜೆಸಿಬಿ ಬಂದ ಮೇಲೆ. ಆಗ ಕೂಗಿದರೆ ಕೇಳುವವರು ಯಾರು?

ಇನ್ನೊಂದು ಕಡೆ ದಲ್ಲಾಳಿಗಳು. ಹೊಲದ ಬದುವಿನಲ್ಲಿ ಕೆಂಪು ಬಣ್ಣ ಬಳಿದ ಗೂಟ ಕಂಡರೆ ಸಾಕು, ಬಿಳಿ ಕಾರು ಬಂದು ನಿಲ್ಲುತ್ತೆ. "ರೈಲಿಗೆ ಹೋಗಿಬಿಡುತ್ತೆ ಗೌಡ್ರೆ, ಈಗಲೇ ಕೊಟ್ಬಿಡಿ" ಅಂತ ಹೆದರಿಸಿ ಅಡ್ವಾನ್ಸ್ ಕೊಟ್ಟು ಕರಾರು ಬರೆಸಿಕೊಳ್ಳುತ್ತಾರೆ. ಗೂಟ ಹೊಡೆದ ಮಾತ್ರಕ್ಕೆ ಜಮೀನು ಹೋಗುವುದಿಲ್ಲ. ಸ್ವಾಧೀನಕ್ಕೆ ಅಧಿಸೂಚನೆ ಬರಬೇಕು, ಆಕ್ಷೇಪಣೆ ಕೇಳಬೇಕು, ಪರಿಹಾರ ಗೊತ್ತಾಗಬೇಕು. 1894ರ ಹಳೇ ಕಾನೂನಿನ ಜಾಗಕ್ಕೆ 2013ರಲ್ಲಿ ಹೊಸ ಭೂಸ್ವಾಧೀನ ಕಾನೂನು ಬಂದದ್ದೇ ರೈತನ ಮಾತಿಗೆ ಬೆಲೆ ಸಿಗಲಿ ಎಂದು.

ಆ ಮಾತಿಗೆ ಬೆಲೆ ಇದೆ ಎಂದು ತೋರಿಸಿದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳುವುದಕ್ಕೆ ಎದುರಾಗಿ ರೈತರು 2022ರಿಂದ ಧರಣಿ ಕೂತರು. ಮೂರು ವರ್ಷಕ್ಕೂ ಮೀರಿ ಎದ್ದೇಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನ ಕೈಬಿಡುವುದಾಗಿ ಹೇಳಿದರು. ಅದು ರೈಲಿನ ವಿಷಯ ಅಲ್ಲ, ನಿಜ. ಆದರೆ ಕಾಗದದ ಗೆರೆ ಅಳಿಸಲು ಬರುವುದಿಲ್ಲ ಎನ್ನುವವರಿಗೆ ಅದೇ ಜವಾಬು.

ಕಲ್ಲು ಕಾಯುವವರು ಯಾರು?

ಹಳೇ ಸರ್ವೆಯ ಗುರುತುಗಳ ಗತಿ ಏನಾಗಿದೆ ನೋಡಿ. 1868ರಲ್ಲಿ ಬೆಂಗಳೂರಿನ ಉತ್ತರಕ್ಕೆ ಮತ್ತೊಂದು ಮೂಲರೇಖೆ ಅಳೆದಾಗ ಅದರ ಒಂದು ತುದಿಯಲ್ಲಿ, ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ, ಸಣ್ಣ ಗೋಪುರದಂಥ ಒಂದು ಕಟ್ಟಡ ನಿಂತಿತ್ತು. ದೇವನಹಳ್ಳಿ, ಬಾಗಲೂರು ಕಡೆ ಓಡಾಡುವವರು ಅದನ್ನು ಬಸ್ಸಿನಿಂದ ಕಂಡಿರಬಹುದು, ಏನೆಂದು ತಿಳಿಯದೆ. ಒಂದೂವರೆ ಶತಮಾನ ಮಳೆ ಬಿಸಿಲಿಗೆ ಜಗ್ಗದೆ ನಿಂತದ್ದು 2024ರಲ್ಲಿ ನೆಲಕ್ಕುರುಳಿತು. ಯಾವ ಯುದ್ಧದಲ್ಲೂ ಅಲ್ಲ. ಸೈಟಿನ ಬೆಲೆ ಗಗನಕ್ಕೇರಿದ ಸೀಮೆಯಲ್ಲಿ, ಎಲ್ಲರ ಕಣ್ಣೆದುರಿಗೆ.

ಪೂರ್ತಿ ನಿರಾಸೆ ಪಡಬೇಕಾಗಿಲ್ಲ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ನ ನೂರು ವರ್ಷದ ಹಳೇ ಸ್ಟೇಷನ್ ಕಟ್ಟಡಗಳನ್ನು ಉಳಿಸಲು ಇಂಟ್ಯಾಕ್ ಸಂಸ್ಥೆ ರೈಲ್ವೆಯವರ ಜೊತೆ ಕೈಹಾಕಿತು. ಕಲ್ಲಿನ ಗೋಡೆ, ಹೆಂಚಿನ ಮಾಡಿನ ಈ ಕಟ್ಟಡಗಳು ಉಳಿದರೆ, ನಮ್ಮ ಸೀಮೆಯವರ ದುಡ್ಡಿನಲ್ಲಿ ಒಂದು ರೈಲು ಓಡಿತ್ತು ಎಂದು ಮಕ್ಕಳಿಗೆ ಕೈತೋರಿಸಲು ಏನಾದರೂ ಇರುತ್ತೆ.

ತಾಲ್ಲೂಕು ಕಚೇರಿಯವರು ಮಾಡಬಹುದಾದ ಕೆಲಸವೂ ಒಂದಿದೆ, ದೊಡ್ಡ ಖರ್ಚಿಲ್ಲದ್ದು. ನಮ್ಮ ಬೆಟ್ಟ, ದಿಣ್ಣೆಗಳ ಮೇಲೆ ಎಲ್ಲೆಲ್ಲಿ ಹಳೇ ಸರ್ವೆ ಕಲ್ಲು ಉಳಿದಿದೆಯೋ ಪಟ್ಟಿ ಮಾಡಿ, ಸುತ್ತ ಒಂದು ಬೇಲಿ, ಕನ್ನಡದಲ್ಲಿ ಒಂದು ಹಲಗೆ ಹಾಕಿಸಲಿ. ಹೊಸ ರೈಲಿನ ಗೆರೆ ಎಲ್ಲಿ ಹಾಯುತ್ತೆ ಎಂಬ ನಕ್ಷೆಯನ್ನೂ ದಲ್ಲಾಳಿಯ ಜೇಬಿಗೆ ಹೋಗುವ ಮುಂಚೆ ಪಂಚಾಯ್ತಿ ಗೋಡೆಗೆ ಅಂಟಿಸಲಿ. ಪೇಟೆಯ ವರ್ತಕರ ಸಂಘಗಳೂ ದೀಪಾವಳಿಗೆ ದೀಪದ ಸರ ಕಟ್ಟಿಸುವುದರ ಜೊತೆಗೆ, ಸರ್ವೆ ನಡೆಯುವಾಗಲೇ ರೈಲ್ವೆ ಆಫೀಸಿಗೆ ಹೋಗಿ ನಮ್ಮ ಸ್ಟೇಷನ್ ಎಲ್ಲಿ ಸ್ವಾಮಿ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಲಿ.

ಲ್ಯಾಂಬ್ಟನ್ ಮದ್ರಾಸಿನಿಂದ ಬೆಂಗಳೂರಿಗೆ ಅಳೆದಾಗ ತಪ್ಪಿದ್ದು 3.7 ಇಂಚು. ಸರ್ಕಾರದವರು ಹೊಸಕೋಟೆಯನ್ನು ತಪ್ಪಿಸಿದ್ದು ಏಳೆಂಟು ಕಿಲೋಮೀಟರ್. ಅದನ್ನು ಸರಿಪಡಿಸಲು 160 ವರ್ಷ ಸಾಲಲಿಲ್ಲ. ಈ ಸಲದ ಸರಪಳಿ ಹಿಡಿದವರು ಬಂದಾಗಲಾದರೂ ಊರಿನವರು ಹೊಲದ ಬದುವಿನಲ್ಲಿ ಎದ್ದು ನಿಂತಿರಲಿ.